ಮಳೆ ಹಿಡಿಯುವ ಮೊದಲು ಮಲೆನಾಡಿನ ಮನೆ, ಕೊಟ್ಟಿಗೆ, ತೋಟ ಅಣಿ ಮಾಡುವುದು ಹೇಗೆ?

ಮಲೆನಾಡಿನಲ್ಲಿ ಮಳೆಗಾಲದ ಕೆಲಸ ಜೂನ್‌ನಲ್ಲಿ ಶುರುವಾಗುವುದಿಲ್ಲ, ಮಾರ್ಚ್‌ನಲ್ಲೇ ಶುರುವಾಗುತ್ತದೆ. ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಒಂದೆರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ಮೂರು ದನ, ಹೆಂಚಿನ ಮನೆ, ಒಂದು ಬಾವಿ ಇಟ್ಟುಕೊಂಡು ಬದುಕುವವರಿಗೆ ಇದು ಗೊತ್ತೇ ಇದೆ. ಪೇಟೆಯ ಕೆಲಸ ಬಿಟ್ಟು ಊರಿಗೆ ಮರಳಿ, ಮೊದಲ ಸಲ ಮನೆಯ ಹೊಣೆ ಹೊತ್ತವರಿಗೆ ಮಾತ್ರ ತಲೆ ತಿರುಗುತ್ತದೆ. ಇಷ್ಟೊಂದು ಕೆಲಸದಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಪ್ರತಿ ಕೆಲಸಕ್ಕೂ ಏನು ಬೇಕು ಅಂತ ನೋಡಿ, ಸರದಿ ತಾನಾಗೇ ಸಿಗುತ್ತದೆ. ಸೌದೆ, ದರಕು (ಬೆಟ್ಟದ ಒಣ ಎಲೆ), ಹಪ್ಪಳ, ಉಪ್ಪಿನಕಾಯಿಗೆ ಕಡು ಬಿಸಿಲು ಬೇಕು. ಅದು ಮಾರ್ಚ್, ಏಪ್ರಿಲ್‌ನ ಪಾಲು. ಕಾಲುವೆ ತೆಗೆಯಲು, ಶುಂಠಿ ಊರಲು ನೆಲ ಮೆತ್ತಗಾಗಿರಬೇಕು. ಅದು ಮೇ ತಿಂಗಳ ಅಡ್ಡಮಳೆ (ಮುಂಗಾರಿಗೆ ಮುಂಚಿನ ಬಿಡಿ ಮಳೆ) ಬಿದ್ದ ಮೇಲೆ. ಅಡಿಕೆಗೆ ಮದ್ದು ಹೊಡೆಯುವುದು ಮಳೆಯ ಹೊಸ್ತಿಲಲ್ಲಿ. ಮುಂಗಾರು ಸಾಮಾನ್ಯವಾಗಿ ಜೂನ್ 1ರ ಹೊತ್ತಿಗೆ ಕೇರಳ ಮುಟ್ಟಿ, ಮುಂದಿನ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ ಬರುತ್ತದೆ. ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ, ಮೇ 25ರ ಸುಮಾರಿಗೆ ಹುಟ್ಟುವ ರೋಹಿಣಿ ಮುಗಿದು ಮೃಗಶಿರ ಹುಟ್ಟುವುದರೊಳಗೆ ಹೊರಗಿನ ಕೆಲಸವೆಲ್ಲ ಮುಗಿದಿರಬೇಕು. ಆರಿದ್ರಾ ಬಂತೆಂದರೆ ಅಂಗಳಕ್ಕಿಳಿಯುವುದೂ ಕಷ್ಟ.

ಬಿಸಿಲು ಇರುವಾಗಲೇ

ಮೊದಲು ಸೌದೆ. ಏಪ್ರಿಲ್ ಅರ್ಧಕ್ಕೆ ಮುಂಚೆ ಒಡೆದು ಮುಗಿಸಿ. ಉರುಟು ತುಂಡನ್ನು ಹಾಗೇ ಪೇರಿಸಿದರೆ ಒಳಗಿನ ಹಸಿ ಆರುವುದಿಲ್ಲ, ಸೀಳಲೇಬೇಕು. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಎರಡು ತುಂಡು ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟಿ ನೋಡಿ. ಟಣ್ ಎಂದರೆ ಒಣಗಿದೆ, ಸದ್ದು ಮಂಕಾಗಿದ್ದರೆ ಇನ್ನೂ ಹಸಿ ಇದೆ. ತುದಿಯಲ್ಲಿ ಬಿರುಕು ಬಿಟ್ಟಿರುವುದೂ ಒಣಗಿದ ಗುರುತು. ಪೇರಿಸುವಾಗ ಅಡಿಯಲ್ಲಿ ಕಲ್ಲಿಟ್ಟು, ನೆಲದಿಂದ ಒಂದು ಗೇಣಾದರೂ ಎತ್ತರಿಸಿ. ಗೋಡೆಗೆ ಒತ್ತಿ ಪೇರಿಸಬೇಡಿ. ಸಂದು ಬಿಟ್ಟರೆ ಗಾಳಿ ಆಡುತ್ತದೆ, ಗೆದ್ದಲು ಹತ್ತಿದರೂ ಬೇಗ ಕಾಣುತ್ತದೆ. ಮಳೆಗಾಲದಲ್ಲಿ ಹಾವು ಬೆಚ್ಚಗಿನ ಜಾಗ ಹುಡುಕಿ ಬರುವುದೂ ಇಲ್ಲಿಗೇ. ಹಾಗಾಗಿ ಸೌದೆ ಮನೆಯಲ್ಲಿ ಬಲ್ಬು ಇರಲಿ, ಕತ್ತಲಲ್ಲಿ ಕೈ ಹಾಕಬೇಡಿ.

ದರಕು ಗುಡಿಸಿ ತರುವುದೂ ಇದೇ ಹೊತ್ತಿನಲ್ಲಿ. ದನದ ಕಾಲಡಿಗೆ ಹಾಸಲು, ಗೊಬ್ಬರ ಮಾಡಲು ಇಡೀ ಮಳೆಗಾಲಕ್ಕೆ ಸಾಲುವಷ್ಟು ಒಣ ಎಲೆ ಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೆಟ್ಟದಲ್ಲಿ ದರಕು ಗುಡಿಸುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗು ಕಚ್ಚಿದರೆ ಬರುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೊರಡಿ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯಲ್ಲಿ ಉಣುಗು ಇದೆಯೇ ನೋಡಿ. ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೆಟ್ಟಕ್ಕೆ ಹೋಗಿಬಂದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಸುಮ್ನೆ ಮಲಗುವುದು ಬೇಡ. ಬೆಟ್ಟಕ್ಕೆ ಹೋಗಿದ್ದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಅಡುಗೆಮನೆಯ ಕೆಲಸವೂ ಇದೇ ಬಿಸಿಲಿನದು. ಮಾವಿನ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ತೊಳೆದು, ನೀರಿನ ಪಸೆ ಪೂರ್ತಿ ಆರಿದ ಮೇಲೆ ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತಾ ಬನ್ನಿ. ಅಳತೆ ಮನೆಮನೆಗೆ ಬೇರೆ. ನಾಲ್ಕು ಅಳತೆ ಮಿಡಿಗೆ ಒಂದು ಅಳತೆ ಉಪ್ಪು ಎಂದಿಟ್ಟುಕೊಂಡರೆ ಕೆಡುವ ಭಯ ಕಡಿಮೆ. ಉದುರಿದ ಮಿಡಿ, ಪೆಟ್ಟಾದ ಮಿಡಿ ಒಂದೂ ಸೇರಬಾರದು, ಒಂದು ಮಿಡಿ ಸಾಕು ಭರಣಿಯೇ ಹಾಳಾಗಲು. ಮೇಲೆ ಭಾರ ಇಟ್ಟು ಬಟ್ಟೆ ಕಟ್ಟಿ. ಮಿಡಿ ಉಪ್ಪುನೀರು ಬಿಟ್ಟು ಚಿರುಟಿದ ಮೇಲೆ ಖಾರ ಕೂಡಿಸುವುದು. ಹಲಸಿನ ಹಪ್ಪಳಕ್ಕೆ ಬಲಿತ, ಆದರೆ ಹಣ್ಣಾಗದ ಕಾಯಿ ಆರಿಸಿ. ಸೊಳೆ ಬೇಯಿಸಿ ಕುಟ್ಟಿ, ಉಪ್ಪು ಖಾರ ಜೀರಿಗೆ ಸೇರಿಸಿ ಒತ್ತಿ, ಚಾಪೆಯ ಮೇಲೆ ಗರಿಗರಿಯಾಗುವ ತನಕ ಒಣಗಿಸಿ. ಹಲಸಿನ ಬೇಳೆಯನ್ನು (ಬೀಜವನ್ನು) ಎಸೆಯಬೇಡಿ. ಕೆಮ್ಮಣ್ಣಿನಲ್ಲಿ ಹುದುಗಿಸಿಟ್ಟರೆ ಆಷಾಢದಲ್ಲಿ ಸಾರಿಗೆ, ಪಲ್ಯಕ್ಕೆ ಆಗುತ್ತದೆ.

ಇನ್ನು ಮಾಡು, ಅಂದರೆ ಮನೆಯ ಸೂರು. ಹೆಂಚು ಸರಿ ಮಾಡಿಸುವ ಮುನ್ನ ಮಧ್ಯಾಹ್ನದ ಹೊತ್ತು ಅಟ್ಟ ಹತ್ತಿ, ದೀಪ ಆರಿಸಿ ಮೇಲೆ ನೋಡಿ. ಬೆಳಕು ಚುಕ್ಕಿಯಾಗಿ ಕಾಣುವ ಕಡೆಯೆಲ್ಲ ಮಳೆನೀರು ಇಳಿಯುತ್ತದೆ. ಒಳಗಿನಿಂದಲೇ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿಗೆ) ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೇಲೆ ಹತ್ತಿದವರು ಹುಡುಕಾಡಿ ತುಳಿದು ಇನ್ನಷ್ಟು ಹೆಂಚು ಒಡೆಯುವುದು ತಪ್ಪುತ್ತದೆ. ಎರಡು ಮಾಡು ಕೂಡುವ ಜಾಗದ ತಗಡಿನಲ್ಲಿ ಎಲೆ ತುಂಬಿದ್ದರೆ ಬಳಿದು ತೆಗೆಯಿರಿ. ಮನೆ ಸೋರುವುದು ಹೆಚ್ಚಾಗಿ ಅಲ್ಲಿಂದಲೇ. ಮಂಗಳೂರು ಹೆಂಚು 1865ರಿಂದಲೂ ತಯಾರಾಗುತ್ತಿದ್ದರೂ ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಹಳೆ ಕಟ್ಟಡ ಕೆಡವುವಾಗ ನಿಮ್ಮ ಮನೆಯದೇ ಗುರುತಿನ ಹೆಂಚು ಸಿಕ್ಕರೆ ಇಪ್ಪತ್ತು ಮೂವತ್ತು ತಂದಿಟ್ಟುಕೊಳ್ಳಿ.

ನೆಲ ಮೆತ್ತಗಾದ ಮೇಲೆ

ಎರಡು ಮೂರು ಅಡ್ಡಮಳೆ ಬಿದ್ದ ಮೇಲೆ ತೋಟದ ಬಸಿಗಾಲುವೆಗೆ ಕೈ ಹಾಕಿ. ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಂತ ನೀರು ಬೇಡ. ಕಾಲುವೆಯ ತಳ ಬೇರಿನ ಮಟ್ಟಕ್ಕಿಂತ ಅರ್ಧದಿಂದ ಒಂದು ಅಡಿ ಕೆಳಗಿರಬೇಕು. ಹೂಳು ತೆಗೆಯುವ ಕೆಲಸ ಯಾವಾಗಲೂ ತೋಟದ ಕೆಳತುದಿಯಿಂದ ಶುರುವಾಗಲಿ. ಮೇಲಿನಿಂದ ಶುರುಮಾಡಿದರೆ ಮಧ್ಯೆ ಒಂದು ಮಳೆ ಬಂದರೂ ಸಾಕು, ಬಿಡಿಸಿದ ಮಣ್ಣೆಲ್ಲ ಕೆಳಗೆ ಹೋಗಿ ಕಟ್ಟಿಕೊಳ್ಳುತ್ತದೆ. ತೆಗೆದ ಹೂಳನ್ನು ಮರದ ಬುಡಕ್ಕೆ ಹಾಕಿ, ಅದು ತೋಟದ್ದೇ ಸಾರ.

ಶುಂಠಿ, ಅರಿಶಿನ, ಕೆಸು, ಸುವರ್ಣಗಡ್ಡೆ ಊರುವುದು ಇದೇ ಹದದಲ್ಲಿ. ಮಡಿ ಎತ್ತರ ಮಾಡಿ, ಮೇಲೆ ಹಸಿರು ಸೊಪ್ಪು ದಪ್ಪ ಹಾಸಿ. ಹೀರೆ, ಸೌತೆ, ಬೆಂಡೆ ಬೀಜ ರೋಹಿಣಿ ಮಳೆಗೆ ಹಾಕಿದರೆ ಜಡಿಮಳೆ ಬರುವ ಹೊತ್ತಿಗೆ ಗಿಡ ಗಟ್ಟಿಯಾಗಿರುತ್ತದೆ.

ದನಗಳಿಗೆ ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ ಮಳೆಗೆ ಮುಂಚೆಯೇ ಆಗಬೇಕು. ರೋಗ ಊರಿಗೆ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ, ಲಸಿಕೆಯ ಶಕ್ತಿ ಮೈಗೆ ಹತ್ತಲು ದಿನ ಬೇಕು. ಮೇ ತಿಂಗಳಲ್ಲೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಜಂತುಹುಳುವಿನ ಔಷಧಿಯನ್ನೂ ಕೇಳಿ.

ಬೋರ್ಡೋ ಮಾಡುವ ಬಗೆ

ನಿಧಾನವಾಗಿ ಓದಬೇಕಾದ ಭಾಗ ಇದು. ಬೋರ್ಡೋ ಎಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದು. ವರ್ಷದ ದುಡಿಮೆ ಉಳಿಯುವುದೋ ಉದುರುವುದೋ ಇಲ್ಲೇ ತೀರ್ಮಾನವಾಗುತ್ತದೆ. ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಬಿಡದ ಮಳೆ, ನಡುನಡುವೆ ಬಿಸಿಲು, ತಂಪು ಹವೆ ಅದಕ್ಕೆ ಹಬ್ಬ. ಎಳೆಕಾಯಿಯ ಮೇಲೆ ನೀರು ಕುಡಿದಂಥ ಕಲೆ ಮೂಡಿ, ಕಾಯಿ ಕೊಳೆತು ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ಬರೆದರು. ಫ್ರಾನ್ಸಿನಲ್ಲಿ ದ್ರಾಕ್ಷಿಗೆಂದು ಹುಟ್ಟಿದ ಬೋರ್ಡೋ ದ್ರಾವಣ ಅಡಿಕೆಯನ್ನೂ ಕಾಯುತ್ತದೆ ಎಂದು ತೋರಿಸಿಕೊಟ್ಟರು. ಅಲ್ಲಿಯ ತನಕ ಅಡಿಕೆ ಕೊನೆಗೆ (ಗೊಂಚಲಿಗೆ) ಕೊಟ್ಟೆ, ಅಂದರೆ ಮಳೆ ತಾಗದಂಥ ಹೊದಿಕೆ, ಕಟ್ಟುವುದೇ ರೈತರಿಗಿದ್ದ ದಾರಿ. ನೂರು ವರ್ಷ ದಾಟಿದರೂ ಬೋರ್ಡೋ ಇನ್ನೂ ನಂಬಿಕೆ ಉಳಿಸಿಕೊಂಡಿದೆ. ಅದು ಬರುವ ರೋಗವನ್ನು ತಡೆಯುತ್ತದೆ, ಬಂದ ಕಾಯಿಯನ್ನು ವಾಸಿ ಮಾಡುವುದಿಲ್ಲ. ಅದಕ್ಕೇ ಮಳೆಗೆ ಮುಂಚೆ ಹೊಡೆಯಬೇಕು.

ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. ಎರಡು ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. ಕಬ್ಬಿಣದ, ತಗಡಿನ ಪಾತ್ರೆ ಬೇಡವೇ ಬೇಡ, ತುತ್ತ ಅದನ್ನು ತಿನ್ನುತ್ತದೆ. ಹಿಂದಿನ ರಾತ್ರಿಯೇ ತುತ್ತವನ್ನು ಗೋಣಿತಾಟಿನ ಗಂಟಿನಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಟ್ಟರೆ ಬೆಳಿಗ್ಗೆಗೆ ಪೂರ್ತಿ ಕರಗಿರುತ್ತದೆ. ತಳಕ್ಕೆ ಹಾಕಿದರೆ ಕರಗುವುದು ನಿಧಾನ. ಇನ್ನೊಂದು ಡ್ರಮ್ಮಿನಲ್ಲಿ ಸುಣ್ಣ. ಸುಟ್ಟ ಸುಣ್ಣವಾದರೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ. ಕುದಿದು ಸಿಡಿಯುತ್ತದೆ, ಮುಖ ದೂರವಿರಲಿ, ಮಕ್ಕಳು ಹತ್ತಿರ ಬರುವುದು ಬೇಡ. ಆರಿದ ಮೇಲೆ 50 ಲೀಟರ್ ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ.

ಈಗ ಬೆರೆಸುವುದು. ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತಾ, ಮರದ ಕೋಲಿನಿಂದ ಬಿಡದೆ ತಿರುವುತ್ತಿರಿ. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಹಾಗೆ ಮಾಡಿದರೆ ಕಣ ದಪ್ಪವಾಗಿ ಬೇಗ ತಳಕ್ಕಿಳಿಯುತ್ತದೆ, ಕಾಯಿಗೆ ಸರಿಯಾಗಿ ಹಿಡಿಯುವುದಿಲ್ಲ. ದ್ರಾವಣ ತಿಳಿ ಆಕಾಶದ ನೀಲಿಗೆ ಬಂದರೆ ಸರಿ.

ಆಮೇಲೆ ಪರೀಕ್ಷೆ. ಚೆನ್ನಾಗಿ ಉಜ್ಜಿ ಹೊಳೆಯುವ ಚಾಕು ಅಥವಾ ಕಬ್ಬಿಣದ ಮೊಳೆಯನ್ನು ಕೆಲವು ನಿಮಿಷ ಅದ್ದಿ ಹಿಡಿಯಿರಿ. ಕೆಂಪಗೆ ತಾಮ್ರದ ಬಣ್ಣ ಕೂತರೆ ತುತ್ತ ಹೆಚ್ಚಾಗಿದೆ, ಕಾಯಿ ಸುಡುತ್ತದೆ. ಬಣ್ಣ ಕೂರದಂತಾಗುವ ತನಕ ಸುಣ್ಣದ ತಿಳಿ ಸೇರಿಸುತ್ತಾ ಹೋಗಿ. ಎಷ್ಟೋ ತೋಟದಲ್ಲಿ ಮದ್ದು ಫಲ ಕೊಡದಿದ್ದಾಗ ತುತ್ತವನ್ನು ಬೈಯುತ್ತಾರೆ. ನನ್ನ ಅನಿಸಿಕೆಯಲ್ಲಿ ಹೆಚ್ಚಿನ ಸಲ ತೊಂದರೆ ಇರುವುದು ಹಳೆಯ, ಸತ್ವ ಹೋದ ಸುಣ್ಣದಲ್ಲಿ. ಸುಣ್ಣಕ್ಕೆ ನಾಲ್ಕು ದುಡ್ಡು ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಹೊಸದನ್ನೇ ತನ್ನಿ.

ಮಾಡಿದ ದಿನವೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಕೊನೆ ಒಣಗಿರುವಾಗ, ಹೊಡೆದ ಮೇಲೆ ಕೆಲವು ಗಂಟೆಯಾದರೂ ಮಳೆ ಬಾರದ ದಿನ ನೋಡಿ, ಇಡೀ ಕೊನೆ ತೋಯುವಂತೆ ಹೊಡೆಸಿ. ಕೆಳಗೆ ನಿಂತು ನೋಡುವವರು ಒಬ್ಬರು ಬೇಕು, ಕೊನೆಯ ಹಿಂಬದಿ ಬಿಟ್ಟುಹೋಗುವುದು ಅವರಿಗಷ್ಟೇ ಕಾಣುತ್ತದೆ. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾಗಿರುವುದರಿಂದ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಅವರಿಗೆ ಮಾಸ್ಕ್, ಕೈಗವಸು, ಕನ್ನಡಕ ಕೊಡುವುದು ಮನೆಯವರ ಜವಾಬ್ದಾರಿ. ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಹೊಡೆಸುವುದಾದರೆ ತೋಟದ ಮೇಲೆ ಕರೆಂಟಿನ ತಂತಿ ಎಲ್ಲೆಲ್ಲಿ ಹಾದುಹೋಗಿದೆ ಎಂದು ಮೊದಲು ಸುತ್ತಾಡಿ ತೋರಿಸಿ. ಅಂಥ ಕಡೆ ದೋಟಿ ಎತ್ತಲೇಬಾರದು.

ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗೂ ಇದೇ ದ್ರಾವಣ ಹೊಡೆಯಿರಿ, ಸೊರಗು ರೋಗವೂ ಅದೇ ಕುಲದ ಜೀವಿಯಿಂದಲೇ ಬರುವುದು. ಹೊಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ 40–45 ದಿನಕ್ಕೆ ಎರಡನೇ ಸಲ. ಮಳೆ ಎಳೆದುಕೊಂಡು ಹೋದರೆ ಮೂರನೆಯದೂ ಬೇಕಾಗುತ್ತದೆ. ರೋಗದಿಂದ ಉದುರಿದ ಕಾಯಿಯನ್ನು ಹೆಕ್ಕಿ ತೋಟದಿಂದ ಆಚೆ ಹಾಕಿ.

ಬಾವಿ

ಮೊದಲ ದೊಡ್ಡ ಮಳೆಗೆ ಬಾವಿಯ ನೀರು ಕದಡಿ ಏರುತ್ತದೆ. ತಿಳಿಯಾಗಲು ಬಿಟ್ಟು, ಬ್ಲೀಚಿಂಗ್ ಪೌಡರ್ ಹಾಕಿ. 1,000 ಲೀಟರಿಗೆ 2.5 ಗ್ರಾಂ ಲೆಕ್ಕ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 5 ಮೀಟರ್ ನೀರಿದ್ದರೆ ಅದು ಸುಮಾರು 15,700 ಲೀಟರ್, ಅಂದರೆ ಹತ್ತಿರ ಹತ್ತಿರ 40 ಗ್ರಾಂ ಪೌಡರ್. ಪೌಡರನ್ನು ನೇರ ಬಾವಿಗೆ ಚೆಲ್ಲಬೇಡಿ. ಬಕೆಟ್ಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಕಲಕಿ. ಒಂದು ಗಂಟೆ ಯಾರೂ ನೀರು ಸೇದಬಾರದು. ಸಂಜೆ ಹಾಕಿದರೆ ಬೆಳಿಗ್ಗೆ ಬಳಸಲು ಅನುಕೂಲ. ಬಾವಿಕಟ್ಟೆಯ ಸುತ್ತ ಬಿರುಕಿದ್ದರೆ ಸಿಮೆಂಟು ಮುಚ್ಚಿ, ಕೊಟ್ಟಿಗೆಯ ನೀರು ಆ ಕಡೆ ಹರಿಯದಂತೆ ಒಂದು ಸಣ್ಣ ಕಾಲುವೆ ತಿರುಗಿಸಿ. ಪೌಡರ್ ಹಾಕಿದ ಮೇಲೂ ಮಳೆಗಾಲ ಮುಗಿಯುವ ತನಕ ಕುಡಿಯುವ ನೀರನ್ನು ಕುದಿಸಿ ಆರಿಸಿಯೇ ಕುಡಿಯಿರಿ.