ಬಾಡಿ ಬಿಲ್ಡಿಂಗ್ ಆರೋಗ್ಯಕ್ಕೆ ಒಳ್ಳೇದಾಗ್ಬೇಕಂದ್ರೆ ಹೀಗೆ ಮಾಡಿ
ಬಾಡಿ ಬಿಲ್ಡಿಂಗ್ ಆರೋಗ್ಯಕ್ಕೆ ಒಳ್ಳೇದೇ, ಅದ್ರಲ್ಲಿ ಡೌಟ್ ಬೇಡ. ಮೂಳೆ ಗಟ್ಟಿಯಾಗುತ್ತೆ, ಶುಗರ್ ಕಂಟ್ರೋಲ್‌ಗೆ ಬರೋಕೆ ಹೆಲ್ಪ್ ಆಗುತ್ತೆ, ವಯಸ್ಸಾಗ್ತಾ ಸ್ನಾಯು ಕರಗೋದೂ ನಿಧಾನವಾಗುತ್ತೆ. ಆದ್ರೆ ಮಾಡೋ ರೀತಿ ಸರಿ ಇರ್ಬೇಕು ಅಷ್ಟೇ.

ಬಿಪಿ, ಹಾರ್ಟ್ ಪ್ರಾಬ್ಲಮ್ ಇದ್ರೆ ಮೊದ್ಲು ಡಾಕ್ಟರ್‌ನ ಕೇಳಿ. ಶುರುವಿಗೆ ವಾರಕ್ಕೆ 2-3 ದಿನ ಸಾಕು, ಒಂದು ಸೆಟ್‌ಗೆ (ನಡುವೆ ನಿಲ್ಲಿಸದೆ ಮಾಡೋ ಒಂದು ಸುತ್ತಿಗೆ) 8-12 ಸಲ ಎತ್ತೋಕಾಗುವಷ್ಟು ತೂಕ ತಗೊಳ್ಳಿ. ಸ್ಕ್ವಾಟ್ (ಮಂಡಿ ಮಡಚಿ ಕೆಳಗೆ ಕೂತು ಮೇಲೇಳೋದು) ಮಾಡುವಾಗ ಹಿಮ್ಮಡಿ ನೆಲ ಬಿಡಬಾರ್ದು, ಬೆನ್ನು ಗೂನಾಗಬಾರ್ದು, ಮಂಡಿ ಒಳಗಡೆ ವಾಲಬಾರ್ದು, ಮೇಲೇಳುವಾಗ ಉಸಿರು ಬಿಡಿ, ಯಾಕಂದ್ರೆ ಉಸಿರು ಬಿಗಿ ಹಿಡಿದು ತಿಣುಕಿದ್ರೆ ಬಿಪಿ ಒಂದೇ ಸಲ ಏರುತ್ತೆ. ಕೊನೇ ಎರಡು ಸಲ ಎತ್ತುವಾಗ ಬೆನ್ನು ಬಾಗ್ತಿದೆ ಅಂದ್ರೆ ತೂಕ ಇಳಿಸಿ, ಪಕ್ಕದವರು ಎಷ್ಟು ಎತ್ತುತ್ತಾರೆ ಅನ್ನೋದು ನಮಗ್ಯಾಕೆ.

ಪ್ರೋಟೀನ್ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.6 ಗ್ರಾಂ ಸಿಕ್ರೆ ಹೆಚ್ಚಿನವರಿಗೆ ಧಾರಾಳ, ಪೌಡರ್ ಬೇಕೇ ಬೇಕು ಅಂತೇನಿಲ್ಲ (ಕಿಡ್ನಿ ತೊಂದ್ರೆ ಇರೋರು ಮಾತ್ರ ಡಾಕ್ಟರ್ ಹೇಳಿದಷ್ಟೇ ತಿನ್ನಿ). ನಿದ್ದೆ ಕಮ್ಮಿ ಅಂದ್ರೂ 7 ಗಂಟೆ. ವಾಕಿಂಗ್, ಸೈಕ್ಲಿಂಗ್ ಬಿಡಬೇಡಿ, ಹಾರ್ಟ್‌ಗೆ ಅದೂ ಬೇಕು.

ಸ್ನಾಯು ಬೇಗ ಬೆಳೀಲಿ ಅಂತ ತಗೊಳ್ಳೋ ಸ್ಟೀರಾಯ್ಡ್ ವಿಷಯಕ್ಕೆ ಬಂದ್ರೆ, ದಯವಿಟ್ಟು ಮುಟ್ಟಲೇಬೇಡಿ. ಹೃದಯದ ಗೋಡೆ ದಪ್ಪ ಆಗುತ್ತೆ, ಕೊಲೆಸ್ಟ್ರಾಲ್ ಕೆಡುತ್ತೆ, ಲಿವರ್‌ಗೂ ಏಟು ಬೀಳಬಹುದು, ಗಂಡಸರಲ್ಲಿ ದೇಹ ತಾನೇ ಟೆಸ್ಟೋಸ್ಟೆರಾನ್ (ಗಂಡಸರ ಮುಖ್ಯ ಹಾರ್ಮೋನ್) ಮಾಡೋದು ನಿಂತು ವೀರ್ಯಾಣುಗಳೂ ಕಮ್ಮಿಯಾಗುತ್ತೆ. ಒಂದು ಸೈಕಲ್ (ಕೆಲವು ವಾರ ತಗೊಂಡು ನಿಲ್ಲಿಸೋದು) ಅಷ್ಟೇ ಅಂತ ಯಾರಾದ್ರೂ ಪುಸಲಾಯಿಸಿದ್ರೆ ಅವರ ಮಾತು ಕೇಳಬೇಡಿ. ಈಗಾಗ್ಲೇ ತಗೊಳ್ತಿದ್ರೆ ನಾಚಿಕೆ ಪಡದೆ ಡಾಕ್ಟರ್ ಹತ್ರ ಹೇಳ್ಕೊಂಡು, ಅವರ ಸಲಹೆ ಪ್ರಕಾರನೇ ನಿಲ್ಲಿಸಿ.