ಮಷಿನ್ ಮುಚ್ಚಿಟ್ಟಿದ್ದನ್ನು ದೋಣಿ ತೋರಿಸಿತು

ಬಾಸ್ಟನ್‌ಗೆ ಬಂದ ಮೊದಲ ಚಳಿಗಾಲ ಪೂರ್ತಿ ನಾನು ಜಿಮ್‌ನ ರೋಯಿಂಗ್ ಮಷಿನ್ ಮೇಲೆ ಕಳೆದೆ. ಕೂತಲ್ಲೇ ಹುಟ್ಟು ಹಾಕುವ ಯಂತ್ರ ಅದು: ಹಿಂದೆ ಮುಂದೆ ಜಾರುವ ಸೀಟು, ಪಾದ ಊರಲು ಹಲಗೆ, ಸರಪಳಿಯ ಹಿಡಿ ಎಳೆದರೆ ತಿರುಗುವ ಚಕ್ರ. 2000 ಮೀಟರ್ ಮುಗಿಸಲು 8 ನಿಮಿಷ 40 ಸೆಕೆಂಡು ಬೇಕಾಗುತ್ತಿತ್ತು. ಬೇಸಿಗೆ ಬಂದ ಮೇಲೆ ಚಾರ್ಲ್ಸ್ ನದಿಯ ಒಂದು ಕ್ಲಬ್‌ಗೆ ಸೇರಿದೆ. ನಾನು ಕುಂದಾಪುರ–ಗಂಗೊಳ್ಳಿ ನಡುವೆ ದೋಣಿಯಲ್ಲಿ ಓಡಾಡಿ ಬೆಳೆದವನು. ನೀರಿನ ಭಯ ಇರಲಿಲ್ಲ, ಮೈಯಲ್ಲಿ ಕಸುವೂ ಇತ್ತು. ಇನ್ನೇನು ಬೇಕು ಅಂದುಕೊಂಡಿದ್ದೆ.

ಒಬ್ಬರೇ ಕೂತು ಎರಡು ಹುಟ್ಟು ಹಾಕುವ ರೇಸಿನ ದೋಣಿಗೆ ಸಿಂಗಲ್ ಅಂತಾರೆ. ಉದ್ದ ಸುಮಾರು 8 ಮೀಟರ್, ತೂಕ 14 ಕಿಲೋ. ಹುಟ್ಟು ಕೈಬಿಟ್ಟರೆ ಮಗುಚಿಕೊಳ್ಳುತ್ತದೆ. ಕಲಿಯುವವರಿಗೆ ಸ್ವಲ್ಪ ಅಗಲದ, ಭಾರದ ದೋಣಿ ಕೊಡುತ್ತಾರೆ. ನನಗೂ ಅದನ್ನೇ ಕೊಟ್ಟಿದ್ದರು. ನಮ್ಮೂರಲ್ಲಿ ಜಲ್ಲೆ (ದೋಣಿ ನೂಕುವ ಉದ್ದ ಕೋಲು) ಹಾಕುವವರು ಹೋಗುವ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತಾರೆ. ಇಲ್ಲಿ ಬೆನ್ನು ಮುಂದೆ, ಮುಖ ಹಿಂದೆ. ಅದಕ್ಕೆ ಹೊಂದಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಆದರೆ ಕಷ್ಟವಾದದ್ದು ಅದಲ್ಲ.

ನಾಲ್ಕನೇ ದಿನ ಕೋಚ್ ತಮ್ಮ ಮೋಟಾರ್ ದೋಣಿಯನ್ನು ಪಕ್ಕಕ್ಕೆ ತಂದು, "ನೀರು ನೋಡಬೇಡ, ನಿನ್ನ ಎದುರಿಗಿರುವ ದೋಣಿಯ ತುದಿ ನೋಡು" ಅಂದರು. ನೋಡಿದೆ. ಹುಟ್ಟು ಎಳೆದಾಗ ತುದಿ ನೀಟಾಗಿ ಹೋಗುತ್ತಿತ್ತು. ದೋಣಿಯಲ್ಲೂ ಸೀಟು ಜಾರುತ್ತದೆ; ಮತ್ತೆ ಕಾಲಿನ ಕಡೆಗೆ ಜಾರಿ ಮುಂದಿನ ಸ್ಟ್ರೋಕಿಗೆ, ಅಂದರೆ ಮುಂದಿನ ಎಳೆತಕ್ಕೆ, ತಯಾರಾದಾಗ, ಆ ಚೂಪು ತುದಿ ಒಮ್ಮೆ ಕುಗ್ಗಿ, ದೋಣಿ ತಡವರಿಸಿದಂತೆ ನಿಂತು, ಆಮೇಲೆ ಹೊರಡುತ್ತಿತ್ತು. ಪ್ರತಿ ಸಲವೂ ಹಾಗೇ. ಅಡಿಯಲ್ಲಿ ನೀರು ಗುಳುಗುಳು ಅನ್ನುವ ಸದ್ದು ಕೂಡ ಅಲ್ಲೇ ಕಡಿದುಹೋಗುತ್ತಿತ್ತು. ಎಳೆದು ಸಂಪಾದಿಸಿದ ವೇಗವನ್ನು ನಾನೇ ಕಳೆಯುತ್ತಿದ್ದೆ.

ಕಾರಣ ಸರಳ. ಮಷಿನ್ ನೆಲದ ಮೇಲೆ ಗಟ್ಟಿಯಾಗಿ ಕೂತಿರುತ್ತದೆ. ನನ್ನ 68 ಕಿಲೋ ಮೈ ಸೀಟಿನ ಮೇಲೆ ಎಷ್ಟು ಜೋರಾಗಿ ಜಾರಿ ಬಂದರೂ ಅದಕ್ಕೇನೂ ಆಗುವುದಿಲ್ಲ. ದೋಣಿ ನನ್ನ ಅರ್ಧದಷ್ಟೂ ತೂಗುವುದಿಲ್ಲ, ಮೇಲಾಗಿ ತೇಲುತ್ತಿದೆ. ಜಾರಿ ಬಂದ ವೇಗವನ್ನು ಕೊನೆಗೆ ಪಾದ ಊರಿಯೇ ತಡೆಯಬೇಕು ಅಲ್ವಾ? ಆ ಒತ್ತಡ ದೋಣಿಯನ್ನು ಹಿಂದಕ್ಕೆ ನೂಕುತ್ತದೆ. ಜೋರಾಗಿ ಬಂದಷ್ಟೂ ಜೋರಾಗಿ ನೂಕುತ್ತದೆ. ಒಂದು ಚಳಿಗಾಲ ಪೂರ್ತಿ ಈ ತಪ್ಪನ್ನೇ ಅಭ್ಯಾಸ ಮಾಡಿದ್ದೆ. ಮಷಿನ್ ಒಂದು ದಿನವೂ ಹೇಳಿರಲಿಲ್ಲ.

ಹಾಗಂತ ಮಷಿನ್ ಬಿಡಲಿಲ್ಲ. ಅದರ ಮೇಲೆ ಕೆಲಸ ಮಾಡುವ ರೀತಿ ಬದಲಿಸಿದೆ. ಮೊದಲು ಕಾಲಿನ ಪಟ್ಟಿ ಬಿಚ್ಚಿದೆ. ಪಾದವನ್ನು ಸುಮ್ನೆ ಹಲಗೆಯ ಮೇಲೆ ಇಟ್ಟು ಎಳೆಯಬೇಕು. ಸ್ಟ್ರೋಕಿನ ಕೊನೆಯಲ್ಲಿ ಬೆನ್ನನ್ನು ಹಿಂದಕ್ಕೆ ಎಸೆದರೆ ಪಾದ ಎದ್ದುಬಿಡುತ್ತದೆ. ಹಿಡಿ ಎದೆ ಮುಟ್ಟುವ ತನಕ ಪಾದದಲ್ಲಿ ಒತ್ತಡ ಉಳಿಸಿಕೊಂಡರೆ ಮಾತ್ರ ನಿಲ್ಲುತ್ತದೆ. ಇನ್ನೊಂದು, ಪಟ್ಟಿಯಿಂದ ಕಾಲು ಎಳೆದುಕೊಂಡು ಮುಂದೆ ನುಗ್ಗುವುದಕ್ಕೆ ಆಗುವುದೇ ಇಲ್ಲ. ನನ್ನ ಚಾಳಿಗೆ ಇದು ನೇರ ಮದ್ದು.

ಆಮೇಲೆ ನಿಮಿಷಕ್ಕೆ 18 ಸ್ಟ್ರೋಕ್. ಎಳೆಯಲು ಒಂದು ಎಣಿಕೆ, ವಾಪಸ್ ಬರಲು ಎರಡು, ಸಾಧ್ಯವಾದರೆ ಮೂರು. ವಾಪಸ್ ಬರುವಾಗ ಮೊದಲು ಕೈ ಪೂರ್ತಿ ಚಾಚಬೇಕು, ಆಮೇಲೆ ಸೊಂಟದಿಂದ ಮೈ ಬಾಗಬೇಕು, ಕಡೆಗೆ ಮೊಣಕಾಲು ಮಡಚಬೇಕು. ಮೈ ಬಾಗಿದ ಜಾಗದಲ್ಲಿ ಒಂದು ಕ್ಷಣ ನಿಂತು, ಆಮೇಲೆ ಜಾರುತ್ತಿದ್ದೆ. ಆ ನಿಲುಗಡೆ ಇಲ್ಲದಿದ್ದರೆ ನನ್ನ ಮೊಣಕಾಲು ಮೊದಲೇ ಎದ್ದು, ಕೈ ಅದರ ಮೇಲೆ ಹಾರಿ ಹೋಗಬೇಕಾಗುತ್ತಿತ್ತು. ಮಷಿನ್‌ನಲ್ಲಿ ಆಗ ಸರಪಳಿ ಮೇಲೆ ಕೆಳಗೆ ಕುಣಿಯುತ್ತದೆ, ಅಷ್ಟೇ. ನೀರಿನಲ್ಲಿ ಹಿಡಿ ಮೇಲೆದ್ದರೆ ಆ ಕಡೆ ಹುಟ್ಟಿನ ತುದಿಯ ಅಲಗು ಕೆಳಗಿಳಿದು ಅಲೆಗೆ ಬಡಿಯುತ್ತದೆ, ದೋಣಿ ವಾಲುತ್ತದೆ. ಈಗ ಮಷಿನ್ ಮೇಲೆ ಕೂತಾಗಲೆಲ್ಲ ಸರಪಳಿ ಮೇಲೇ ಕಣ್ಣು. ಹೋಗುವಾಗ, ಬರುವಾಗ ಒಂದೇ ನೇರಕ್ಕೆ ಇರಬೇಕು.

ಮಷಿನ್‌ನ ಪರದೆಯಲ್ಲಿ ಬಲದ ಗೆರೆ ಅಂತ ಒಂದು ಚಿತ್ರ ಬರುತ್ತದೆ. ಒಂದು ಸ್ಟ್ರೋಕಿನಲ್ಲಿ ಎಲ್ಲಿ ಎಷ್ಟು ಬಲ ಹಾಕಿದೆವು ಅನ್ನುವುದನ್ನು ಗುಡ್ಡದ ಹಾಗೆ ಬಿಡಿಸಿ ತೋರಿಸುತ್ತದೆ. ಹೆಚ್ಚಿನವರು ಇದನ್ನು ತೆರೆದೇ ನೋಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಯಂತ್ರದಲ್ಲಿ ಇದಕ್ಕಿಂತ ಉಪಯೋಗದ್ದು ಬೇರೆ ಇಲ್ಲ. ನನ್ನದರಲ್ಲಿ ಒಂದಲ್ಲ, ಎರಡು ಗುಡ್ಡ ಬರುತ್ತಿತ್ತು, ನಡುವೆ ಒಂದು ತಗ್ಗು. ಫೋನನ್ನು ಪಕ್ಕಕ್ಕಿಟ್ಟು ವಿಡಿಯೋ ಮಾಡಿಕೊಂಡೆ. ಆಗ ಗೊತ್ತಾಯಿತು: ಕಾಲು ಒದ್ದ ಕೂಡಲೇ ಸೀಟು ಹಿಂದೆ ಓಡುತ್ತಿದೆ, ಹಿಡಿ ಇದ್ದಲ್ಲೇ ಇದೆ. ಕಾಲಿನ ಬಲ ಹಿಡಿಗೆ ಸೇರುತ್ತಲೇ ಇಲ್ಲ. ಆಮೇಲೆ ಬೆನ್ನು ಒಂದೇ ಎಳೆಯುತ್ತಿದೆ. ಸಂಜೆ ಸೊಂಟ ಯಾಕೆ ಹಿಡಿದುಕೊಳ್ಳುತ್ತಿತ್ತು ಅನ್ನುವುದಕ್ಕೂ ಉತ್ತರ ಅಲ್ಲೇ ಇತ್ತು.

ಸರಿಮಾಡಿಕೊಳ್ಳಲು ಬರೀ ಕಾಲಿನಿಂದ ಎಳೆಯುವ ಅಭ್ಯಾಸ ಮಾಡಿದೆ. ಮೈ ಮುಂದೆ ಬಾಗಿಯೇ ಇರಬೇಕು, ಕೈ ನೇರ, ಕಾಲು ಮಾತ್ರ ಒದೆಯಬೇಕು. ಸೀಟು ಒಂದು ಗೇಣು ಹೋದರೆ ಹಿಡಿಯೂ ಒಂದು ಗೇಣು ಬರಬೇಕು. ಬಾವಿಯಿಂದ ತುಂಬಿದ ಕೊಡ ಎಳೆಯುವಾಗ ಹಗ್ಗಕ್ಕೆ ಮೈ ಜೋತುಬೀಳುತ್ತದಲ್ಲ, ಹಾಗೆ ಹಿಡಿಗೆ ಜೋತುಬಿದ್ದ ಅನುಭವ ಆಗಬೇಕು. ದಿನಾ ಹತ್ತು ನಿಮಿಷ, ಆರು ವಾರ. ನಡುವಿನ ತಗ್ಗು ತುಂಬಿಕೊಂಡು ಎರಡು ಗುಡ್ಡ ಒಂದಾದ ದಿನ ಪರದೆಯ ಫೋಟೋ ತೆಗೆದಿಟ್ಟುಕೊಂಡೆ.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಈಚೆಗೆ ಜಿಮ್‌ಗೆ ಸೇರಿ ಫೋನ್ ಮಾಡಿದ್ದ. "ಅಣ್ಣ, ಆ ಲಿವರ್‌ನ 10ಕ್ಕೆ ಇಟ್ಕೊಂಡ್ರೆ ಜಾಸ್ತಿ ಲಾಭ ಅಲ್ವಾ?" ಅಂದ. ಮಷಿನ್ ಚಕ್ರದ ಪಕ್ಕದಲ್ಲಿರುವ, 1ರಿಂದ 10ರ ತನಕ ಅಂಕಿ ಇರುವ ಲಿವರ್ ಅದು. ಇದನ್ನು ತುಂಬಾ ಜನ ಕೇಳುತ್ತಾರೆ. ಚಕ್ರಕ್ಕೆ ಎಷ್ಟು ಗಾಳಿ ಒಳಗೆ ಬರಬೇಕು ಅನ್ನುವುದನ್ನು ಮಾತ್ರ ಆ ಲಿವರ್ ಬದಲಿಸುತ್ತದೆ. ಸೈಕಲ್ಲಿನ ಗೇರ್ ಇದ್ದಂತೆ. 10ರಲ್ಲಿ ಇಟ್ಟರೆ ಭಾರವಾದ, ನಿಧಾನವಾದ ದೋಣಿ ಎಳೆದಂತಾಗುತ್ತದೆ, ಸೊಂಟಕ್ಕೆ ಪೆಟ್ಟು. ನಾನು ಪರದೆಯಲ್ಲಿ ಡ್ರ್ಯಾಗ್ ಫ್ಯಾಕ್ಟರ್ (ಚಕ್ರಕ್ಕೆ ಗಾಳಿ ಒಡ್ಡುವ ತಡೆಯ ಅಳತೆ) ನೋಡಿ 115ರ ಹತ್ತಿರ ಇಟ್ಟುಕೊಳ್ಳುತ್ತೇನೆ. ಒಳಗೆ ಧೂಳು ಕೂತ ಮಷಿನ್‌ನಲ್ಲಿ ಲಿವರ್‌ನ ಅದೇ ನಂಬರು ಹಗುರವಾಗಿರುತ್ತದೆ, ಹಾಗಾಗಿ ಆ ಅಂಕಿಯನ್ನು ನಂಬುವುದಿಲ್ಲ. ಅವನಿಗೆ 4ರಲ್ಲಿ ಇಡು ಮಾರಾಯ ಅಂದೆ.

ನೀರಿನಲ್ಲಿ ಮಾತ್ರ ಕಲಿಯಬಹುದಾದದ್ದು ಕ್ಯಾಚ್, ಅಂದರೆ ಅಲಗು ನೀರಿಗೆ ಇಳಿಯುವ ಗಳಿಗೆ. ನಾನು ಪೂರ್ತಿ ಮುಂದೆ ಬಂದು, ನಿಂತು, ಒದೆಯುತ್ತಾ ಅಲಗು ಇಳಿಸುತ್ತಿದ್ದೆ. ಅಷ್ಟರಲ್ಲಿ ಕಾಲಿನ ಬಲದ ಅರ್ಧ ಗಾಳಿಗೆ ಹೋಗಿರುತ್ತಿತ್ತು. ಸೀಟು ಇನ್ನೂ ಕಾಲಿನ ಕಡೆಗೆ ಬರುತ್ತಿರುವಾಗಲೇ, ಕೊನೆಯ ಎರಡು ಬೆರಳಗಲ ಉಳಿದಿರುವಾಗಲೇ, ಕೈಯನ್ನು ಸ್ವಲ್ಪ ಮೇಲೆ ಬಿಡಬೇಕು. ಎತ್ತಬಾರದು, ಬಿಡಬೇಕು. ಅಲಗು ತನ್ನ ತೂಕಕ್ಕೇ ಇಳಿಯುತ್ತದೆ. ಮುಚ್ಚಿಕೊಂಡರೆ ಸಾಕು, ಆಳಕ್ಕೆ ಹೋಗಬಾರದು. ಕೋಚ್ ದೋಣಿಯ ತುದಿ ಹಿಡಿದು ನಿಲ್ಲಿಸಿ ಬರೀ ಇದನ್ನೇ ನೂರು ಸಲ ಮಾಡಿಸಿದರು. ಸರಿಯಾಗಿ ಇಳಿದಾಗ ಮುಳುಗುವ ಸದ್ದು ಬಹಳ ಸಣ್ಣದು, ಒಗ್ಗರಣೆಗೆ ಹಾಕಿದ ಒಂದು ಸಾಸಿವೆ ಸಿಡಿದಷ್ಟು.

ಹಿಡಿತದ ಬಗ್ಗೆ ಒಂದು ಮಾತು. ಹುಟ್ಟನ್ನು ಬಿಗಿಯಾಗಿ ಹಿಡಿದರೆ ಮುಂಗೈ ಕಲ್ಲಾಗುತ್ತದೆ, ಅಲಗು ತಿರುಗಿಸುವುದೂ ಒರಟಾಗುತ್ತದೆ. ಬೆರಳಿನ ಕೊಕ್ಕೆ ಸಾಕು, ಹೆಬ್ಬೆರಳು ಹಿಡಿಯ ತುದಿಯ ಮೇಲೆ. ಮಣಿಕಟ್ಟು ಬಗ್ಗಿಸದೆ ಬೆರಳಲ್ಲೇ ಹೊರಳಿಸಬೇಕು.

ಇಲ್ಲಿ ಪ್ರತಿ ಅಕ್ಟೋಬರಿನಲ್ಲಿ ಹೆಡ್ ಆಫ್ ದ ಚಾರ್ಲ್ಸ್ ರೇಸ್ ನಡೆಯುತ್ತದೆ, 1965ರಿಂದ. ವೀಕ್ಸ್ ಕಾಲುಸೇತುವೆಯ ಮೇಲೆ ನಿಂತು ಸಿಂಗಲ್‌ಗಳನ್ನು ನೋಡಿದೆ. ನಿಮಿಷಕ್ಕೆ ಮೂವತ್ತರ ಹತ್ತಿರ ಸ್ಟ್ರೋಕ್ ಹಾಕುತ್ತಿದ್ದರೂ ಒಳ್ಳೆಯವರು ಅವಸರದಲ್ಲಿ ಇರುವಂತೆ ಕಾಣುವುದೇ ಇಲ್ಲ. ಕೈ ಬೇಗ ಹೋಗುತ್ತದೆ, ಸೀಟು ನಿಧಾನ ಬರುತ್ತದೆ. ಆ ದಿನ ನೋಡಿದ್ದು ಈಗಲೂ ಕಣ್ಣಲ್ಲಿದೆ, ದೋಣಿ ಹತ್ತುವ ಮುಂಚೆ ನೆನಪು ಮಾಡಿಕೊಳ್ಳುತ್ತೇನೆ.

ಎರಡನೇ ಚಳಿಗಾಲದ ಕೊನೆಗೆ ನನ್ನ 2000 ಮೀಟರ್ 8 ನಿಮಿಷ 16 ಸೆಕೆಂಡಿಗೆ ಬಂತು. ಮಷಿನ್ ಲೆಕ್ಕದಲ್ಲಿ 159 ವ್ಯಾಟ್ ಇದ್ದದ್ದು 184 ಆಯಿತು. ಭಾರ ಎತ್ತುವುದನ್ನೇನೂ ಹೆಚ್ಚು ಮಾಡಿರಲಿಲ್ಲ. ಆದರೆ ನನಗೆ ಹೆಚ್ಚು ಖುಷಿ ಕೊಟ್ಟದ್ದು ಏಪ್ರಿಲಿನ ಮೊದಲ ಸವಾರಿ. ನೀರು 10 ಡಿಗ್ರಿಗಿಂತ ತಣ್ಣಗಿದ್ದರೆ ನಮ್ಮ ಕ್ಲಬ್‌ನಲ್ಲಿ ಸಿಂಗಲ್ ಅನ್ನು ಒಂಟಿಯಾಗಿ ಬಿಡುವುದಿಲ್ಲ, ಹಾಗಾಗಿ ಪಕ್ಕದಲ್ಲಿ ಕೋಚ್ ಇದ್ದರು. ದೋಣಿಯ ತುದಿಯನ್ನೇ ನೋಡುತ್ತಾ ಹುಟ್ಟು ಹಾಕಿದೆ. ಜಾರಿ ಬರುವಾಗ ಅಡಿಯಲ್ಲಿ ನೀರಿನ ಸದ್ದು ಕಡಿಯಲಿಲ್ಲ. ಮುಂದಿನ ಕ್ಯಾಚ್ ತನಕ ಹಾಗೇ ಕೇಳುತ್ತಿತ್ತು. ಕೋಚ್ ಏನೂ ಹೇಳದೆ ಮೋಟಾರ್ ಆಫ್ ಮಾಡಿದರು, ಅವರಿಗೂ ಕೇಳಲಿ ಅಂತ.

ಬಲಗಡೆ ಅಲಗು ಇನ್ನೂ ಆಳಕ್ಕೆ ಹೋಗುತ್ತದೆ. ಈ ವಾರ ಅದರ ಕೆಲಸ.