ಮಂಜು ಬೀಳದ ಊರಿನಲ್ಲಿ ಐಸ್ ಸ್ಕೇಟಿಗೆ ಸಾಣೆ ಹಿಡಿದದ್ದು: ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ನಾನು ಸಾಣೆ ಹಿಡಿದ ಏಳು ಜೊತೆ ಐಸ್ ಸ್ಕೇಟುಗಳು, ಅಂದರೆ ಅಡಿಯಲ್ಲಿ ಅಲಗುಳ್ಳ ಬೂಟುಗಳು, ಡೆಹ್ರಾಡೂನಿನ ರಿಂಕಿಗೆ (ಮಂಜುಗಡ್ಡೆಯ ಮೇಲೆ ಜಾರುವ ಅಂಗಳಕ್ಕೆ) ಹೋಗಿಬಂದವು. ತಿರುವಿನಲ್ಲಿ ಅಲಗು ಜಾರಿತೆಂಬ ದೂರು ಒಂದೂ ಇಲ್ಲ. ‘ಮೈಸೂರಿನಲ್ಲಿ ಇದು ಆಗುವ ಕೆಲಸವಲ್ಲ, ದೆಹಲಿಗೆ ಕಳುಹಿಸಿ’ ಎಂದು ಮೂರು ವರ್ಷ ಹೇಳಿದ ತರಬೇತುದಾರರೇ ಈಗ ಇಲ್ಲಿನ ಹೆಬ್ಬಾಳದ ನನ್ನ ಶೆಡ್ಡಿಗೆ ಬರುತ್ತಿದ್ದಾರೆ. ಗ್ರೈಂಡರ್, ಡ್ರೆಸ್ಸರ್, ಎಣ್ಣೆಕಲ್ಲು ನಿಮಗೆ ಹೊಸದಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಶುರುವಾದದ್ದು ಅಣ್ಣನ ಮಗಳ ಫಿಗರ್ ಸ್ಕೇಟಿನಿಂದ, ಅಂದರೆ ಮಂಜಿನ ಮೇಲೆ ಕುಣಿಯುವವರ ಸ್ಕೇಟಿನಿಂದ. ಇಪ್ಪತ್ತೆರಡು ವರ್ಷ ಟೂಲ್ ರೂಮಿನಲ್ಲಿ ದುಡಿದ ಕೈ, ಅಲಗನ್ನು ಕನ್ನಡಿಯಂತೆ ಚಪ್ಪಟೆ ಮಾಡಿಕೊಟ್ಟೆ. ಗುರುಗ್ರಾಮದ ರಿಂಕಿನಲ್ಲಿ ಮೊದಲ ತಿರುವಿಗೇ ಹುಡುಗಿ ಬಿದ್ದಳು, ಮೊಣಕೈ ಊದಿತು. ಫಿಗರ್ ಬ್ಲೇಡಿನ ಅಡಿ ಚಪ್ಪಟೆಯಲ್ಲ. ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಅಲಗಿನ ನಡುವೆ ಉದ್ದಕ್ಕೂ ತೋಡು ಇರಬೇಕು, ಆಗಲೇ ಒಳ ಅಂಚು, ಹೊರ ಅಂಚು ಎರಡೂ ಹುಟ್ಟುವುದು. ಅರ್ಧ ಇಂಚು ತ್ರಿಜ್ಯಕ್ಕೆ ಚಕ್ರವನ್ನು ವಜ್ರದ ಮೊನೆಯಿಂದ ಕೆತ್ತಿ ಆಕಾರಕ್ಕೆ ತಂದು (ಡ್ರೆಸ್ ಮಾಡಿ) ಮತ್ತೆ ಹಿಡಿದೆ. ಒತ್ತಡ ಹೆಚ್ಚಾಗಿ ಅಂಚು ನೀಲಿಗೆ ತಿರುಗಿತು, ಉಕ್ಕಿನ ಹದ ಹೋಯಿತು. ಅವಸರದಲ್ಲಿ ಅಲಗಿನ ಮುಂತುದಿಯ ಹಲ್ಲನ್ನೂ ಅರ್ಧ ತಿಂದುಹಾಕಿದ್ದೆ. ಹಳೆಯ ಜೊತೆಯಾದರೂ ಒಂಬತ್ತು ಸಾವಿರ ಕೊಟ್ಟಿದ್ದರು. ಆ ದುಡ್ಡನ್ನು ನಾನೇ ತುಂಬಿಕೊಟ್ಟೆ. ಅಣ್ಣ ಎರಡು ತಿಂಗಳು ಆ ಮಾತೆತ್ತಲಿಲ್ಲ, ಅದೇ ಹೆಚ್ಚು ನೋವಾಯಿತು.

ಪರೀಕ್ಷಿಸಲು ಮಂಜುಗಡ್ಡೆಯಾದರೂ ಎಲ್ಲಿದೆ? ಮೀನಿಗೆ ಗಡ್ಡೆ ಒದಗಿಸುವ ಐಸ್ ಕಾರ್ಖಾನೆಯ ಮಾಲೀಕರ ಕೈಕಾಲು ಹಿಡಿದೆ. ನಾಲ್ಕು ಗಡ್ಡೆಗಳನ್ನು ಸಾಲಾಗಿ ಜೋಡಿಸಿ, ಬ್ಲೇಡನ್ನು ಮರದ ದಿಮ್ಮಿಗೆ ಬಿಗಿದು, ಮೇಲೆ ಇಪ್ಪತ್ತು ಕಿಲೋ ಹೇರಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡುವುದು. ಉದ್ದಕ್ಕೆ ಸಲೀಸಾಗಿ ಹೋಗಬೇಕು, ಅಡ್ಡಕ್ಕೆ ಕದಲಬಾರದು. ಒಂದು ಬಾರಿಗೆ ಗಡ್ಡೆ, ಆಟೋ ಎಲ್ಲ ಸೇರಿ ಆರುನೂರು ರೂಪಾಯಿ. ಹದಿನೈದು ಬಾರಿಯಾದರೂ ಹೋಗಿರಬೇಕು.

ಅಲ್ಲಿಯೇ ಒಂದು ಅಡ್ಡದಾರಿಯನ್ನೂ ಹಿಡಿದೆ. ಉತ್ತರ ಯೂರೋಪಿನವರು ಮೂರು ಸಾವಿರ ವರ್ಷಗಳಿಗೂ ಹಿಂದೆ ಕುದುರೆ, ದನಗಳ ಕಾಲಿನ ಮೂಳೆಯನ್ನೇ ಪಾದಕ್ಕೆ ಕಟ್ಟಿಕೊಂಡು ಜಾರುತ್ತಿದ್ದರು. ಎಮ್ಮೆಯ ಕಾಲಿನ ಮೂಳೆ ತಂದು, ಒಂದು ಮಗ್ಗುಲನ್ನು ನಯವಾಗಿ ಉಜ್ಜಿ ದಿಮ್ಮಿಗೆ ಕಟ್ಟಿದೆ. ಸೊಗಸಾಗಿ ಜಾರಿತು! ಆದರೆ ಉದ್ದಕ್ಕೆಳೆದರೂ ಅಡ್ಡಕ್ಕೆಳೆದರೂ ತಕ್ಕಡಿಯ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ಅಂಚಿಲ್ಲದ ಮೂಳೆಯ ಮೇಲೆ ನಿಂತು ಕಾಲಿನಿಂದ ನೂಕಿಕೊಳ್ಳಲಾಗದು. ಹನ್ನೆರಡನೆಯ ಶತಮಾನದ ಲಂಡನ್ನಿನ ಹುಡುಗರು ಮೂಳೆ ಕಟ್ಟಿಕೊಂಡು ಕಬ್ಬಿಣದ ಮೊನೆಯ ಕೋಲಿನಿಂದ ಮಂಜನ್ನು ಕುಟ್ಟಿ ಮುಂದೆ ಹೋಗುತ್ತಿದ್ದರೆಂದು ಆ ಕಾಲದ ಲೇಖಕ ವಿಲಿಯಂ ಫಿಟ್ಸ್‌ಸ್ಟೀಫನ್ ಬರೆದಿಟ್ಟಿರುವುದು ಏಕೆಂದು ಅಂದು ನನಗೆ ತಿಳಿಯಿತು. ಮುಂದೆ ಡಚ್ಚರು ಮರದ ಹಲಗೆಗೆ ಅಂಚುಳ್ಳ ಲೋಹದ ಅಲಗು ಕೂರಿಸಿದರು, ಕೋಲು ಬಿದ್ದುಹೋಯಿತು. 1860ರ ದಶಕದಲ್ಲಿ ಅಮೆರಿಕದ ಸ್ಕೇಟಿಂಗ್ ಕಲಾವಿದ ಜಾಕ್ಸನ್ ಹೇನ್ಸ್ ಅಲಗನ್ನು ಬೂಟಿಗೇ ಭದ್ರಪಡಿಸಿ ಕುಣಿದು ತೋರಿಸಿದ. ನಾವು ಸಾಣೆ ಹಿಡಿಯುವುದು ಆ ಅಂಚನ್ನೇ ಹೊರತು ಅಲಗನ್ನಲ್ಲ. ಈ ಮಾತು ತಲೆಗೆ ಹೋದ ಮೇಲೆ ನನ್ನ ಕೈ ತಾನಾಗಿಯೇ ಹಗುರಾಯಿತು.

ಐಸ್ ಹಾಕಿಯ ಸ್ಕೇಟು ಸುಲಭ. ಮೂರು ಮಿಲಿಮೀಟರಿನ ತೆಳು ಅಲಗು, ಹಲ್ಲಿಲ್ಲ, ತೋಡು ಮಾತ್ರ. ಎರಡು ಅಂಚೂ ಸಮ ಎತ್ತರದಲ್ಲಿವೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿದರೆ ಮುಗಿಯಿತು.

ನನ್ನನ್ನು ಹಣ್ಣು ಮಾಡಿದ್ದು ಶಾರ್ಟ್ ಟ್ರ್ಯಾಕ್, ಅಂದರೆ ಚಿಕ್ಕ ಸುತ್ತಿನ ವೇಗದ ಪಂದ್ಯದ ಸ್ಕೇಟು. ಅಲಗು ಒಂದು ಮಿಲಿಮೀಟರಿಗಿಂತ ತುಸು ದಪ್ಪ, ತೋಡಿಲ್ಲ, ಚಪ್ಪಟೆ ಅಡಿ. ಆದರೆ ಉದ್ದಕ್ಕೆ ಕಣ್ಣಿಗೆ ಕಾಣದಷ್ಟು ಬಾಗು, ನನ್ನ ಕೈಗೆ ಬಂದವುಗಳಲ್ಲಿ ಎಂಟು ಮೀಟರ್ ತ್ರಿಜ್ಯದ ಆಸುಪಾಸು. ಟ್ರ್ಯಾಕಿನಲ್ಲಿ ಸದಾ ಎಡಕ್ಕೇ ತಿರುಗುವುದರಿಂದ ಅಲಗನ್ನೂ ಬೂಟಿನ ಎಡಕ್ಕೆ ಸರಿಸಿ ಕೂರಿಸಿರುತ್ತಾರೆ. ಚಕ್ರಕ್ಕೆ ಕೊಟ್ಟರೆ ಬಾಗು ಕೆಡುತ್ತದೆ, ಹಾಗಾಗಿ ಕೈಕಲ್ಲೇ ಗತಿ. ಎರಡು ಸ್ಕೇಟನ್ನೂ ಅಕ್ಕಪಕ್ಕ ತಲೆಕೆಳಗಾಗಿ ಹಿಡಿಯುವ ಜಿಗ್ ಬೇಕು. ಹೊರದೇಶದಿಂದ ತರಿಸಿದರೆ ಸುಂಕ ಸೇರಿ ಇಪ್ಪತ್ತು ಸಾವಿರ ದಾಟುತ್ತಿತ್ತು. ನನ್ನ ಮೊದಲ ಜಿಗ್ ಸಾಗುವಾನಿಯದು. ಆಷಾಢದ ತೇವಕ್ಕೆ ಸೊಟ್ಟಗಾಗಿ ಒಂದು ಜೊತೆಯ ಬಲ ಅಂಚುಗಳೆಲ್ಲ ತಗ್ಗಿದವು. ಎರಡನೆಯದು ಅಲ್ಯೂಮಿನಿಯಂ ಚಾನೆಲ್‌ನದು. ತಿರುಪು ಬಿಗಿದಾಗ ಅಲಗನ್ನೇ ಬಾಗಿಸುತ್ತಿತ್ತು. ಮೂರನೆಯದರ ಹಿಡಿಕೆಗೆ ಹಿತ್ತಾಳೆ ತುಟಿ ಕೊಟ್ಟೆ. ಒಟ್ಟು ನಾಲ್ಕು ಸಾವಿರದ ಚಿಲ್ಲರೆ. ಅದು ಈಗಲೂ ಕೂದಲೆಳೆಯಷ್ಟೂ ಅಲುಗಿಲ್ಲ, ಹೊರದೇಶದ್ದರ ಪಕ್ಕ ಧೈರ್ಯವಾಗಿ ಇಡುತ್ತೇನೆ. ಕೊನೆಯಲ್ಲಿ ಬರ್ (ಅಂಚಿನಲ್ಲಿ ಉಳಿಯುವ ಲೋಹದ ಸಿಬಿರು) ತೆಗೆಯಲು ಕಲ್ಲಿಗೆ ಹಚ್ಚುವ ಮಿಶ್ರಣ ಮತ್ತು ಕೊನೆಯ ಐದು ಎಳೆತಗಳ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ, ಆರು ತಿಂಗಳ ರಾತ್ರಿಗಳು ಅದಕ್ಕೆ ಹೋಗಿವೆ.

ಈಗ ಮೇಜಿನ ಮೇಲೆ ಒಂದು ಜೊತೆ ಕ್ಲಾಪ್ ಸ್ಕೇಟುಗಳಿವೆ. ಮುಂಗಾಲಿನ ಬಳಿ ಕೀಲು, ಹಿಮ್ಮಡಿ ಎದ್ದರೂ ಅಲಗು ಮಂಜನ್ನು ಬಿಡುವುದಿಲ್ಲ. ನೆದರ್‌ಲೆಂಡ್ಸಿನ ವಿಜ್ಞಾನಿಗಳು ರೂಪಿಸಿದ ಇದು 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ದಾಖಲೆಗಳನ್ನು ಮುರಿಯಿತು. ಅಲಗಿಗೆ ಸಾಣೆ ಆಗಿದೆ. ಅಲಗನ್ನು ಮತ್ತೆ ಬೂಟಿಗೆ ಎಳೆಯುವ ಎಡಗಾಲಿನ ಸ್ಪ್ರಿಂಗ್ ಸೋತಿದೆ, ಮೋಟರ್‌ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗನ್ನು ಕತ್ತರಿಸಿ ಹಾಕಿದರೆ ಬಿಗಿ ಹೆಚ್ಚಾಯಿತು. ಭಾನುವಾರ ತೆಳುತಂತಿಯಿಂದ ನಾನೇ ಸುತ್ತಿ ನೋಡುತ್ತೇನೆ.